ಚಿಕ್ಕಮ್ಮನ ಧ್ವನಿಗೆ ಓವರ್‌ಟೈಮ್

ನನ್ನ ಚಿಕ್ಕಮ್ಮನಿಗೆ ಫೋನು ಮಾಡಿ, ವಾದದಲ್ಲಿ ಗೆದ್ದು ರಿಸೀವರ್ ಇಟ್ಟವರು ಇಡೀ ವಡೋದರಾದಲ್ಲಿ ಒಬ್ಬರೂ ಇಲ್ಲ! ಹೊಗಳುತ್ತಿದ್ದೇನೆ ಅಂದುಕೊಂಡಿರಾ? ಎಚ್ಚರಿಸುತ್ತಿದ್ದೇನೆ.

ಮಕರಪುರದ ಒಂದು ಮೋಟಾರ್ ಕಾರ್ಖಾನೆಯಲ್ಲಿ ಅವಳು ಟೆಲಿಫೋನ್ ಆಪರೇಟರ್. ಆ ಕೆಲಸ ಮಂಜಲ್‌ಪುರದ ಮನೆಯವರೆಗೂ ಅವಳ ಹಿಂದೆಯೇ ಬರುತ್ತಿತ್ತು. ಚಿಕ್ಕಪ್ಪ ಹಾಲ್‌ನಿಂದ "ಕಾಫಿ ಉಂಟಾ?" ಎಂದರೆ, ಅಡುಗೆಮನೆಯಿಂದ ಉತ್ತರ: "ಲೈನ್ ಬ್ಯುಸಿ ಉಂಟು. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ!"

ಕಾರ್ಖಾನೆಯಲ್ಲಿ ಅವಳದೇ ರಾಜ್ಯಭಾರ. ಜೋರು ಮಾಡಿದವರು ಎಷ್ಟು ದೊಡ್ಡವರಾದರೂ ಕಾಯಬೇಕು. ಕೆಲಸಗಾರರನ್ನು ಫೋನಿಗೆ ಕರೆಯಬಾರದೆಂದು ನಿಯಮವಿತ್ತು. ಆದರೆ ಊರಿನಿಂದ ಯಾರದೋ ತಾಯಿ ಅಳುತ್ತ ಫೋನು ಮಾಡಿದರೆ, ಮಗ ಯಾವ ಶೆಡ್ಡಿನಲ್ಲಿದ್ದರೂ ಚಿಕ್ಕಮ್ಮನ ಕರೆಗೆ ಓಡಿಬರುತ್ತಿದ್ದ. "ಇದು ಯಾವ ನಿಯಮದಲ್ಲಿ ಉಂಟು?" ಎಂದು ನಾನೊಮ್ಮೆ ಕೇಳಿದೆ.

"ನನ್ನದರಲ್ಲಿ ಉಂಟು!"

ಎರಡು ಸಾವಿರದ ಇಸವಿ ದಾಟಿದ ಹೊಸತು. ಸಾಹೇಬರುಗಳ ಜೇಬಿನಲ್ಲಿ ಮೊಬೈಲು ಇಣುಕತೊಡಗಿದ್ದ ಕಾಲ. ಕಾರ್ಖಾನೆಗೆ ತಾನಾಗಿಯೇ ಉತ್ತರಿಸುವ ಟೆಲಿಫೋನ್ ಎಕ್ಸ್‌ಚೇಂಜ್ ಯಂತ್ರ ಬಂತು. ಖರೀದಿಗೆ ಒಂದು ಒತ್ತಿ, ಮಾರಾಟಕ್ಕೆ ಎರಡು ಒತ್ತಿ! ಜೊತೆಯ ಆಪರೇಟರ್ ಕೆಲಸ ಬಿಟ್ಟದ್ದಕ್ಕೆ ಕೊಟ್ಟಷ್ಟು ಹಣ ತೆಗೆದುಕೊಂಡು ಕಣ್ಣೊರೆಸುತ್ತ ಮನೆಗೆ ಹೋದಳು. ಮ್ಯಾನೇಜರ್ ಚಿಕ್ಕಮ್ಮನನ್ನು ಕರೆದರು. ಇಲ್ಲಿಯವರು ಹೆಂಗಸರನ್ನು 'ಬೆನ್', ಅಂದರೆ ಅಕ್ಕ, ಎಂದೇ ಕರೆಯುವುದು.

"ಬೆನ್, ಇನ್ನು ನೀವು ಪ್ಯಾಕಿಂಗ್‌ಗೆ ಹೋಗಿ. ಸಂಬಳ ಸ್ವಲ್ಪ ಇಳಿಯುತ್ತದೆ. ಮತ್ತೆ... ನಿಮ್ಮ ಧ್ವನಿ ಬಹಳ ಚೆನ್ನಾಗಿದೆ. ಹೋಗುವ ಮೊದಲು ಈ ಯಂತ್ರಕ್ಕೆ ಒಮ್ಮೆ ರೆಕಾರ್ಡ್ ಮಾಡಿಕೊಟ್ಟುಬಿಡಿ."

ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಕೂತಳು. "ಸಾಹೇಬ್, ನನ್ನ ಧ್ವನಿಗೆ ದೀಪಾವಳಿಗೆ ರಜೆ ಉಂಟಾ?"

"ಯಂತ್ರಕ್ಕೆಂಥ ರಜೆ?"

"ಹಾಗಾದರೆ ಹಗಲೂ ರಾತ್ರಿ ದುಡಿಯುತ್ತದೆ. ಓವರ್‌ಟೈಮ್ ಎಷ್ಟು ಕೊಡುತ್ತೀರಿ? ನಾನು ಕಡಿಮೆ ಸಂಬಳಕ್ಕೆ ಪೆಟ್ಟಿಗೆ ಕಟ್ಟುವುದು, ನನ್ನ ಧ್ವನಿ ಬಿಟ್ಟಿಗೆ ನನ್ನ ಕೆಲಸ ಮಾಡುವುದು! ಇದಕ್ಕೆ ನಾನೇ ಸಹಿ ಹಾಕಬೇಕಾ?"

ಮ್ಯಾನೇಜರ್ ನಕ್ಕರು. ಚಿಕ್ಕಮ್ಮ ನಗಲಿಲ್ಲ. ಕೊನೆಗೆ ಮುಂಬೈಯ ಯಾವುದೋ ಹುಡುಗಿಯ ಧ್ವನಿ ಬಂತು. ಚಿಕ್ಕಮ್ಮ ಪ್ಯಾಕಿಂಗ್‌ಗೆ ಹೋದಳೇ? ಎಲ್ಲಿಂದ! ಬೆಳಿಗ್ಗೆ ಸಮಯಕ್ಕೆ ಸರಿಯಾಗಿ ಬಂದು, ತನ್ನ ಹಳೆಯ ಕುರ್ಚಿಯಲ್ಲಿ, ಹಳೆಯ ಟೆಲಿಫೋನ್ ಬೋರ್ಡು ಕಿತ್ತುಹಾಕಿದ ಬೋಳು ಗೋಡೆಯ ಎದುರು ಕೂರತೊಡಗಿದಳು. ನೋಡುವಷ್ಟು ನೋಡಿ ಮ್ಯಾನೇಜರೇ ಬಂದರು.

"ಬೆನ್, ನಿಮಗೆ ಬೇಕಾದ್ದಾದರೂ ಏನು?"

"ಆ ಯಂತ್ರಕ್ಕೆ ಯಾವ ಗುಂಡಿಗೆ ಯಾರು ಅಂತ ಹೇಳಿಕೊಡಲು ಒಬ್ಬರು ಬೇಕಲ್ಲ? ಆ ಕೆಲಸ ನನಗೆ ಕಲಿಸಿ. ಕಲಿತ ಮೇಲೆ ಸಂಬಳ ಏರಿಸಿ."

"ಈ ವಯಸ್ಸಿನಲ್ಲಾ?"

"ಆ ಯಂತ್ರಕ್ಕೂ ನನ್ನ ಪರಿಚಯ ಇಲ್ಲ ಸಾಹೇಬ್. ಇಬ್ಬರೂ ಒಟ್ಟಿಗೇ ಕಲಿಯುತ್ತೇವೆ!"

ಕಲಿತಳು. ಕಲಿಸಲು ಬಂದ ಮೆಕ್ಯಾನಿಕ್ಕಿಗೆ ನೀರುದೋಸೆ ತಿನ್ನಿಸಿ ತಿನ್ನಿಸಿ, ಒಂದೇ ಪಾಠವನ್ನು ಮತ್ತೆ ಮತ್ತೆ ಹೇಳಿಸಿಕೊಂಡಳು. ಮೊದಲ ವಾರ ಖರೀದಿ ವಿಭಾಗದ ಕರೆಗಳೆಲ್ಲ ಕ್ಯಾಂಟೀನಿಗೆ ಹೋದವು. ಅಡುಗೆಯವನು ತಾಮ್ರದ ತಂತಿಗೆ ಚೌಕಾಸಿ ಮಾಡಿ, ದರ ಇಳಿಸಿಯೂ ಬಿಟ್ಟಿದ್ದನಂತೆ! ಎರಡನೆಯ ವಾರ ಎಲ್ಲ ಸರಿಹೋಯಿತು. ಹೊಸ ಹುದ್ದೆ ಅವಳಿಗೇ ಸಿಕ್ಕಿತು. ಸಂಬಳ ಇಳಿಯಲಿಲ್ಲ. ಏರಲೂ ಇಲ್ಲ. ಅದಕ್ಕಾಗಿ ಪ್ರತಿ ದೀಪಾವಳಿಗೂ ಮ್ಯಾನೇಜರರ ಕೋಣೆಗೆ ಹೋಗಿ ಜಗಳವಾಡಿ, ಸಿಹಿ ಕೊಟ್ಟು ಬರುತ್ತಿದ್ದಳು.

ಆಮೇಲೆ ನನ್ನ ಸರದಿ. ನಾನು ಇನ್ನೊಂದು ಕಾರ್ಖಾನೆಯಲ್ಲಿ ಪೆನ್ಸಿಲು, ಸ್ಕೇಲು ಹಿಡಿದು ಯಂತ್ರಗಳ ನಕ್ಷೆ ಬರೆಯುವವನು. ನಕ್ಷೆಯೆಲ್ಲ ಇನ್ನು ಕಂಪ್ಯೂಟರಿನಲ್ಲಿ, ಕಲಿಯದವರು ಸಾಮಾನು ಎಣಿಸಲು ಸ್ಟೋರಿಗೆ ಎಂದು ಆಜ್ಞೆಯಾಯಿತು. ಸಂಜೆಯ ಕ್ಲಾಸಿಗೆ ದುಡ್ಡು ಕಟ್ಟಿ ಹೆಸರು ಕೊಟ್ಟೆ. ಮೊದಲ ದಿನ ಇಣುಕಿ ನೋಡಿದರೆ ಎಲ್ಲ ಮೀಸೆ ಮೂಡುತ್ತಿರುವ ಹುಡುಗರು! ನಲವತ್ತು ದಾಟಿದ ನಾನು ಬಾಗಿಲಿನಿಂದಲೇ ವಾಪಸು ಬಂದೆ. "ಸ್ಟೋರಿಗೇ ಹೋಗುತ್ತೇನೆ ಚಿಕ್ಕಮ್ಮ. ನನ್ನಿಂದಾಗದು" ಎಂದೆ.

ಈಗ ಬೈಗುಳ ಬರುತ್ತದೆಂದು ಕಾದೆ. ಅವಳು ಕ್ಲಾಸು ಎಲ್ಲಿ, ಎಷ್ಟು ಗಂಟೆಗೆ ಎಂದಷ್ಟೇ ಕೇಳಿದಳು.

ಮರುದಿನ ಕೊಟ್ಟ ದುಡ್ಡಾದರೂ ವಾಪಸು ಸಿಕ್ಕೀತೇ ಎಂದು ವಿಚಾರಿಸಲು ಹೋದೆ. ಆ ಹುಡುಗರ ನಡುವೆ, ಮುಂದಿನ ಸಾಲಿನಲ್ಲಿ, ಕಂಪ್ಯೂಟರಿನ ಎದುರು ಚಿಕ್ಕಮ್ಮ ಕೂತಿದ್ದಳು! ಪಕ್ಕದ ಕುರ್ಚಿಯ ಮೇಲೆ ಅವಳ ಬ್ಯಾಗು.

"ನಿನಗೆ ನಕ್ಷೆ ಬರೆಯುವುದು ಯಾಕೆ ಚಿಕ್ಕಮ್ಮ?"

"ನಂಗೆಂಥಕ್ಕೆ ಮಾರಾಯ, ಮಣ್ಣು! ಮಕ್ಕಳ ನಡುವೆ ನೀನೊಬ್ಬನೇ ಕೂತರೆ ನಿಂಗೆ ಒಂಥರಾ ಆಗ್ತದಲ್ಲ."

ಬ್ಯಾಗನ್ನೆತ್ತಿ ಮಡಿಲಿಗಿಟ್ಟುಕೊಂಡು, ನನಗೆ ಕೂರಲು ಜಾಗ ಮಾಡಿದಳು.