ಖಾಲಿ ಕಾಡತೂಸು ಬಿಟ್ಟುಕೊಡದ ಬಂದೂಕಿನವರಿಗೆ

ಪರಮಪೂಜ್ಯ ಪಂಪ್ ಬಂದೂಕು ಸಾಹೇಬರ ಸನ್ನಿಧಿಗೆ, ಕಾಣಕೋಣದ ತೆಂಗಿನ ತೋಟದ ಕಾವಲುಗಾರನೂ ಮೂಲತಃ ಇಂಡಿ ತಾಲೂಕಿನವನೂ ಆದ ನಾನಪ್ಪನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ತಾವು ಕ್ಷೇಮವೆಂದು ಭಾವಿಸುತ್ತೇನೆ, ನಾನು ಕ್ಷೇಮವಾಗಿಲ್ಲ. ಎಳನೀರಿಗೆ ಬರುವ ಮಂಗಗಳನ್ನು ಗಾಳಿಯಲ್ಲಿ ಎರಡು ಗುಂಡು ಹಾರಿಸಿ ಓಡಿಸುವುದು ನನ್ನ ನೌಕರಿ. ಮೊದಲನೆಯದನ್ನು ತಾವು ಇಡೀ ತಾಲೂಕಿಗೆ ಕೇಳಿಸುವಂತೆ ಸಿಡಿಸುತ್ತೀರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಳಿಗೆಯ ಕೆಳಗಿನ ಪಂಪು ಹಿಡಿಯನ್ನು ಹಿಂದಕ್ಕೆಳೆದಾಗ ಚಂಗನೆ ಹೊರಗೆ ಹಾರಬೇಕಾದ ಖಾಲಿ ಕಾಡತೂಸು, ಹೊಸ್ತಿಲಲ್ಲಿ ನಿಂತು ಮಾತು ಮುಗಿಸದ ಬೀಗರಂತೆ ಅರ್ಧ ಒಳಗೆ ಅರ್ಧ ಹೊರಗೆ ನಿಂತುಬಿಡುತ್ತದೆ. ನಾನು ಅದನ್ನು ಚಾಕುವಿನಿಂದ ಮೀಟುತ್ತಿರುವಾಗ ಮಂಗಗಳು ಮರದ ಮೇಲೆ ಸಾಲಾಗಿ ಕೂತು ನೋಡುತ್ತವೆ, ಕುಡಿದಾದ ಬುರುಡೆಗಳನ್ನು ನೇರ ನನ್ನ ಕಾಲಬುಡಕ್ಕೇ ಎಸೆಯುತ್ತವೆ. ಖರೇ ಹೇಳುತ್ತೇನೆ, ಎಸೆಯುವ ವಿದ್ಯೆಯನ್ನು ತಾವು ಅವುಗಳಿಂದಲೇ ಕಲಿಯಬಹುದಿತ್ತು.

ತಮ್ಮ ಸೇವೆಯಲ್ಲಿ ನಾನೇನು ಕಡಿಮೆ ಮಾಡಿದೆ? ಮಳೆಗೆ ಉಬ್ಬಿದ ಕಾಡತೂಸುಗಳನ್ನು ಪಕ್ಕಕ್ಕಿಟ್ಟು ಹೊಸವನ್ನು ತಂದೆ. ಅಂಜಿ ಮೆಲ್ಲಗೆ ಎಳೆಯಬೇಡ ಎಂದು ಬಲ್ಲವರು ಅಂದರು, ರಟ್ಟೆ ನೋಯುವಂತೆ ಜಗ್ಗಿದೆ. ಇದಾವುದಕ್ಕೂ ತಾವು ಒಲಿಯದಿದ್ದಾಗ, ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯಲ್ಲಿ ತಮಗೆ ಸಲ್ಲಿಸಿದ್ದ ಗೌರವವನ್ನೇ ಪ್ರತಿ ಅಮಾವಾಸ್ಯೆಗೂ ಸಲ್ಲಿಸತೊಡಗಿದೆ. ನನ್ನ ಹೆಂಡತಿ ಫಕೀರವ್ವ ಕುಂಕುಮ, ಭಂಡಾರ ಧಾರಾಳವಾಗಿ ಹಚ್ಚಿ, ಕಾಯಿ ಒಡೆದು ನೀರನ್ನು ಕಾಡತೂಸು ಹೊರಬೀಳುವ ತಮ್ಮ ಬಾಯಿಗೇ ಬಿಟ್ಟಳು. ತಾವು ಇನ್ನಷ್ಟು ಬಿಗಿದುಕೊಂಡಿರಿ. ನಾವು ಎರಡು ಕಾಯಿ ಒಡೆದೆವು.

ಭಾಟಕಾರರು, ಅಂದರೆ ತೋಟದ ಧಣಿಗಳು, ಕೊನೆಗೆ ತಾಳ್ಮೆ ಕಳೆದುಕೊಂಡರು. ಸೋಮವಾರ ಮಂಗ ಓಡಿಸುವ ಸೈರನ್ ಮಷೀನು ಬರುತ್ತದೆ, ಅದು ಚೆನ್ನಾಗಿ ನಡೆದರೆ ನೀನು ಊರಿಗೆ ಹೋಗಬಹುದು ಎಂದುಬಿಟ್ಟರು. ಹದಿನಾಲ್ಕು ವರ್ಷದ ನೌಕರಿ, ಮಾನ್ಯರೇ. ಮಗಳು ನಂದಾ ಇಲ್ಲೇ ಹತ್ತನೆಯ ತರಗತಿ ಓದುತ್ತಿದ್ದಾಳೆ.

ತಮ್ಮನ್ನು ಹೊತ್ತು ಮಡಗಾಂವಿಗೆ, ಬಂದೂಕು ರಿಪೇರಿಯ ಇಮಾಮಹುಸೇನರ ಬಳಿಗೆ ಓಡಿದೆ. ಅವರು ತಮ್ಮನ್ನು ಬಿಚ್ಚಿ, ಖಾಲಿ ಕಾಡತೂಸನ್ನು ಹಿಡಿದೆಳೆಯುವ ಪುಟ್ಟ ಕೊಕ್ಕೆಯ ಕೆಳಗಿಂದ ಕೆಂಪನೆಯ ಗಟ್ಟಿಯೊಂದನ್ನು ಕೆರೆದು ತೆಗೆದು, ಮೂಸಿ ನೋಡಿದರು. "ನಾನಪ್ಪಣ್ಣ, ಬಂದೂಕು ಕೆಟ್ಟಿಲ್ರಿ. ಕುಂಕುಮ, ಕಾಯಿನೀರು ಒಣಗಿ ಸಿಮಿಟ್ ಆಗೇತಿ. ಇಷ್ಟು ಭಕ್ತಿ ಯಾವ ಮಷೀನೂ ತಡ್ಕೊಳ್ಳಾಂಗಿಲ್ರಿ," ಅಂದರು. ತಾವು ಮೊದಲು ಮುನಿಸಿಕೊಂಡದ್ದೂ ಖಂಡೆ ಪೂಜೆಯ ಮರುದಿನವೇ ಎಂಬುದು ನನಗೆ ಆಗ ನೆನಪಾಯಿತು.

ಈಗ ತಾವು ಕಾಡತೂಸನ್ನು ಎರಡು ಮಾರು ದೂರ ಎಸೆಯುತ್ತಿದ್ದೀರಿ, ಮಂಗಗಳೂ ಮರ್ಯಾದೆ ಕಲಿತಿವೆ. ಆದರೂ ಮಷೀನಿಗೆ ಹೇಳಿಯಾಗಿದೆ, ಬಂದೇ ಬರುತ್ತದೆ ಅನ್ನುತ್ತಾರೆ ಭಾಟಕಾರರು. ಆದಕಾರಣ ತಾವೇ ಸ್ವತಃ ಅವರ ಬಂಗಲೆಗೆ ನಡೆದುಹೋಗಿ, ತಪ್ಪೆಲ್ಲ ತಮ್ಮದೇ ಎಂದು, ಪೂಜೆಯ ಸಂಗತಿ ಮಾತ್ರ ಎತ್ತದೆ, ಒಪ್ಪಿಕೊಳ್ಳಬೇಕಾಗಿ ಪ್ರಾರ್ಥನೆ.

ಇನ್ನು ಮುಂದೆ ದೂರದಿಂದಲೇ ಕೈಮುಗಿಯಲಿರುವ
ತಮ್ಮ ವಿಶ್ವಾಸಿ,
ನಾನಪ್ಪ

ತಾ.ಕ.: ಸೈರನ್ ಮಷೀನು ಬಂದಿಳಿದಿದೆ. ಹೊಸ ಮಷೀನು, ನಿಮ್ಮ ಕಡೆಯ ಪದ್ಧತಿಯಂತೆ ಚೆನ್ನಾಗಿ ಪೂಜೆ ಮಾಡಿಸು ಎಂದು ಭಾಟಕಾರರೇ ಅಪ್ಪಣೆ ಕೊಟ್ಟಿದ್ದಾರೆ. ಫಕೀರವ್ವ ಐದು ಕಾಯಿ ಸುಲಿದಿಟ್ಟಿದ್ದಾಳೆ.