ಎರಡು ಪರದೆಗಳ ನಡುವೆ ಡ್ರೈವಿಂಗ್ ಮೇಷ್ಟ್ರು

"ನೋಡ್ತಾ ಇರು, ಇವತ್ತು ಕಳೆದ ಮೇಲೆ ಎರಡು ದೇಶದವರು ನನ್ನ ಹೆಸರು ಹೇಳ್ಕೊಂಡು ತಿರುಗ್ಬೇಕು!"

ಟೈ ಬಿಗಿದುಕೊಳ್ಳುತ್ತಾ ಡ್ರೈವಿಂಗ್ ಮೇಷ್ಟ್ರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಬಟ್ಟೆ ಅಳೆಯುತ್ತಿದ್ದರು. ಹಾಗಾಗಿ ಉತ್ತರ ತಕ್ಷಣ ಬರಲಿಲ್ಲ. ಸೂಜಿ ತೆಗೆದ ಮೇಲೆ ಬಂತು.

"ಈಗ ಒಂದು ದೇಶದವರು ಹೇಳ್ಕೊಂಡು ತಿರುಗ್ತಿರೋದೇ ಸಾಲದಾ?"

ಮೇಷ್ಟ್ರ ಕಸುಬು ಕಾರು ಕಲಿಸುವುದು. ಕಲಿಯುವವರ ಪಕ್ಕದ ಸೀಟಿನಲ್ಲಿ ಕುಳಿತು, ತಮ್ಮ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಬಲಗಾಲಿಟ್ಟು, "ಎಡಕ್ಕೆ ಅಂದ್ನಲ್ಲ! ಅದು ಬಲ!" ಎಂದು ಕೂಗುವುದು. ಆ ಬಲಗಾಲು ಎಷ್ಟು ಪಳಗಿತ್ತೆಂದರೆ, ಟಿವಿಯಲ್ಲಿ ಲಾರಿ ಎದುರಿಗೆ ಬಂದರೂ ಮನೆಯ ನೆಲವನ್ನು ಬಲವಾಗಿ ಒತ್ತುತ್ತಿತ್ತು. ಇಂಥ ಮೇಷ್ಟ್ರು, ಯಾವತ್ತೋ ಅರ್ಧಕ್ಕೆ ಬಿಟ್ಟಿದ್ದ ಡಿಗ್ರಿಯನ್ನು ಮುಗಿಸಿಯೇ ತೀರುತ್ತೇನೆಂದು ಹಟ ಹಿಡಿದು ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಸೇರಿದ್ದರು. ಅಲ್ಲಿನ ಪ್ರೊಫೆಸರ್ ದೂರದೇಶದ ಇನ್ನೊಂದು ವಿಶ್ವವಿದ್ಯಾಲಯದ ಜೊತೆ ಸೇರಿ ಒಂದು ಪರೀಕ್ಷೆ ಇಟ್ಟಿದ್ದರು. ಇಲ್ಲಿಯ ಒಬ್ಬರು, ಅಲ್ಲಿಯ ಒಬ್ಬರು ಜೋಡಿಯಾಗಬೇಕು. ತಮಗೆ ಗೊತ್ತಿರುವ ಒಂದು ಕೆಲಸವನ್ನು ವಿಡಿಯೋ ಕರೆಯಲ್ಲೇ ಒಬ್ಬರಿಗೊಬ್ಬರು ಕಲಿಸಬೇಕು. ಪ್ರೊಫೆಸರ್ ತಮ್ಮ ಕ್ಯಾಮೆರಾ ಆಫ್ ಮಾಡಿಕೊಂಡು ಸುಮ್ಮನೆ ನೋಡಿ ಅಂಕ ಹಾಕುತ್ತಾರೆ. ಇದರಲ್ಲಿ ಫೇಲಾದರೆ ವರ್ಷವೇ ಗೋವಿಂದ!

ಮೇಷ್ಟ್ರ ಪಾಲಿಗೆ ಬಂದವಳು ಹತ್ತೊಂಬತ್ತರ ಒಬ್ಬ ಹುಡುಗಿ. ಬಟ್ಟೆಯ ಅಂಚು ಮಡಚಿ ಹೊಲಿಯುವುದನ್ನು ಅವಳು ಕಲಿಸುವುದು, ಅವಳಪ್ಪನ ವ್ಯಾನನ್ನು ಹಿಮ್ಮುಖವಾಗಿ ಶೆಡ್ಡಿನೊಳಗೆ ನಿಲ್ಲಿಸುವುದನ್ನು ಇವರು ಕಲಿಸುವುದು ಎಂದು ಒಪ್ಪಂದವಾಯಿತು. ಮನೆಯಲ್ಲೇ ಹೊಲಿಗೆ ಅಂಗಡಿ ಇಟ್ಟ ಹೆಂಡತಿ ಇರುವಾಗ ಮೆಷಿನ್ನಿಗೇನು ಬರ?

"ಮೆಷಿನ್ ಕೊಡ್ತೀನಿ," ಎಂದರು ಹೆಂಡತಿ, ದಾರ ತರಲು ಪೇಟೆಗೆ ಹೊರಡುತ್ತಾ. "ಆದ್ರೆ ಹೊಲಿಯೋದು ಈ ಚಿಂದಿ ಮೇಲೆ. ಆ ಕೆನೆಬಣ್ಣದ ಪರದೆ ಮುಟ್ಟಿದ್ರೆ ನೋಡಿ ಮತ್ತೆ! ಹಲ್ಲಿನ ಡಾಕ್ಟ್ರಮ್ಮ ಸಂಜೆಗೆ ಬರ್ತಾರೆ, ನಾಳೆ ಅವರ ಹೊಸ ಕ್ಲಿನಿಕ್ ಶುರು. ಕೆಳಗಿನ ಅಂಚೊಂದು ಬಾಕಿ. ಬಂದು ನಾನೇ ಹಾಕ್ತೀನಿ."

"ಹೋಗ್ಬಾರೇ, ನಾನೇನು ಎಳೇ ಮಗುನಾ?"

ಹೆಂಡತಿ ಮೆಟ್ಟಿಲಿಳಿದ ಸದ್ದು ನಿಂತಿತೋ ಇಲ್ಲವೋ, ಮೇಷ್ಟ್ರು ಚಿಂದಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಎರಡು ದೇಶಗಳ ಸ್ನೇಹವನ್ನು ಹೊಲಿಯುವುದು ಒರೆಸುವ ಬಟ್ಟೆಯ ಮೇಲೆಯೇ? ಮರ್ಯಾದೆ ಪ್ರಶ್ನೆ! ಪರದೆ ಮೆಷಿನ್ನಿನ ಮೇಲೇರಿತು. ಅದರ ಹಿಂದೆ ಲ್ಯಾಪ್‌ಟಾಪ್ ಕುಳಿತಿತು. ಹೀಗೆ ಒಂದು ಪರದೆ ಕೈಯಡಿ, ಇನ್ನೊಂದು ಪರದೆ ಕಣ್ಣೆದುರು. ಕಾಲಡಿ ಮೋಟಾರಿನ ಪೆಡಲು.

ಇಬ್ಬರೂ ಹರುಕುಮುರುಕು ಇಂಗ್ಲಿಷಿನಲ್ಲಿ ಶುರುಮಾಡಿದರು. ಹುಡುಗಿಯ ವಿನಯವನ್ನು ಹೊಗಳಲು ಮಾತೇ ಸಾಲದು. ತಪ್ಪು ಅನ್ನುವ ಪದವೇ ಅವಳ ಬಾಯಲ್ಲಿಲ್ಲ. ಮೇಷ್ಟ್ರು ಜರ್ರನೆ ಮೆಷಿನ್ ಓಡಿಸಿದರೆ, "ಅದೂ ಒಂದು ರೀತಿ ಇರಬಹುದು, ಸರ್," ಎನ್ನುತ್ತಿದ್ದಳು. ಹೊಲಿಗೆ ಸೊಟ್ಟಗೆ ಹೋದರೆ, "ನಮ್ಮ ಕಡೆ ಸ್ವಲ್ಪ ನೆಟ್ಟಗೆ ಹೊಲಿಯೋರೂ ಇದ್ದಾರೆ." ಮೇಷ್ಟ್ರಿಗೆ ಇದೆಲ್ಲ ಹೊಗಳಿಕೆಯಾಗಿ ಕೇಳಿಸಿತು. ಆದರೂ ಅವಳು ತೋರಿಸಿದಂತೆ ಮಡಚಿ, ನಿಧಾನ ಮಾಡಿ, ಅರ್ಧ ಅಂಚನ್ನು ಮುಗಿಸಿಯೇಬಿಟ್ಟರು. ಆ ಅರ್ಧ ನಿಜಕ್ಕೂ ಚೆನ್ನಾಗಿ ಬಂದಿತ್ತು.

"ಸಾಕು ಮಗೂ, ಹೊಲಿಗೆ ನನಗೆ ಬಂತು. ಈಗ ವ್ಯಾನಿಗೆ ಹತ್ತು!" ಎಂದರು. ಬಟ್ಟೆ ಸೂಜಿಯಡಿಯಲ್ಲೇ ಉಳಿಯಿತು. ಕಾಲು ಪೆಡಲಿನ ಮೇಲೆ.

ಹುಡುಗಿ ಫೋನನ್ನು ವ್ಯಾನಿನ ಮುಂಗಾಜಿನ ಬಳಿ ಸಿಕ್ಕಿಸಿದಳು. ಅವಳ ಮುಖ, ಹಿಂಗಾಜಿನಾಚೆ ಅಂಗಳ, ಶೆಡ್ಡು, ಒಂದು ಕಡೆ ಕೋಳಿಗೂಡು, ಇನ್ನೊಂದು ಕಡೆ ಒಣಹಾಕಿದ ಬಟ್ಟೆಗಳ ಹಗ್ಗ, ಅದರ ಪಕ್ಕ ಕುರ್ಚಿ ಹಾಕಿ ಕುಳಿತ ಅವಳಜ್ಜಿ, ಎಲ್ಲ ಕಾಣುತ್ತಿತ್ತು.

"ರಿವರ್ಸ್ ಹಾಕು. ಸ್ಟೀರಿಂಗನ್ನ ಬಲಕ್ಕೆ, ಅಂದ್ರೆ ನಿನ್ನ ಬಾಗಿಲ ಕಡೆಗೆ ತಿರುಗಿಸು!"

ಹುಡುಗಿ ಗೊಂದಲಕ್ಕೆ ಬಿದ್ದಳು. ಅವರ ದೇಶದಲ್ಲಿ ಸ್ಟೀರಿಂಗ್ ಇರುವುದು ಎಡಕ್ಕೆ. ಬಾಗಿಲೂ ಎಡಕ್ಕೆ. ಬಲಕ್ಕೆ ತಿರುಗಿಸಿದರೆ ಬಾಗಿಲು ತಪ್ಪುತ್ತದೆ, ಬಾಗಿಲ ಕಡೆ ತಿರುಗಿಸಿದರೆ ಬಲ ತಪ್ಪುತ್ತದೆ. ಹಿರಿಯರನ್ನು ತಿದ್ದುವುದೆಂತು? "ಸರಿ ಸರ್," ಎಂದು ಬಾಗಿಲನ್ನೇ ನಂಬಿದಳು.

ವ್ಯಾನು ಸೀದಾ ಬಟ್ಟೆಯ ಹಗ್ಗದತ್ತ ಹೊರಟಿತು!

"ಬಲಕ್ಕೆ! ಬಲಕ್ಕೆ ಅಂದ್ನಲ್ಲ!" ಮೇಷ್ಟ್ರು ಮೇಜಿನ ಮೇಲೆ ಬಗ್ಗಿ, ಬಲಗೈ ಚಾಚಿ ಲ್ಯಾಪ್‌ಟಾಪಿಗೇ ದಾರಿ ತೋರಿಸಿದರು. ಒಂದು ಬೆಡ್‌ಶೀಟ್ ಬಂದು ವ್ಯಾನಿನ ಹಿಂಗಾಜನ್ನು ಮುಚ್ಚಿತು. ಪಳಗಿದ ಬಲಗಾಲು ತನ್ನ ಧರ್ಮ ಪಾಲಿಸಿತು. ಬ್ರೇಕ್!

ಜರ್ರ್ರ್ರ್!

ವ್ಯಾನು ನಿಲ್ಲಲಿಲ್ಲ, ಮೆಷಿನ್ ಓಡಿತು. ಮೇಷ್ಟ್ರ ಅಂಗಿಯ ತೋಳು ಮಣಿಕಟ್ಟಿನಿಂದ ಮೊಣಕೈವರೆಗೆ ಡಾಕ್ಟ್ರಮ್ಮನ ಪರದೆಗೆ ಸೇರಿಕೊಂಡಿತು. ಬೆರಳು ಉಳಿದದ್ದೇ ಪುಣ್ಯ. ಗಾಬರಿಯಿಂದ ಕೈ ಎಳೆದುಕೊಳ್ಳಲು ಮತ್ತಷ್ಟು ಬಗ್ಗಿದರು. ಜೋತಾಡುತ್ತಿದ್ದ ಟೈ ಬಟ್ಟೆಯ ಮೇಲೆ ಬಿತ್ತು. ಅಷ್ಟರಲ್ಲಿ ಅತ್ತ ಅಜ್ಜಿ ಕಿರುಚಿದರು. ಬ್ರೇಕ್!

ಜರ್ರ್ರ್ರ್!

ಈಗ ಮೇಷ್ಟ್ರ ಕುತ್ತಿಗೆ ಮೆಷಿನ್ನಿಗೆ ಗೇಣು ದೂರ. ಕ್ಯಾಮೆರಾಕ್ಕೆ ಕಾಣುತ್ತಿದ್ದುದು ಅವರ ಬೋಳುತಲೆ ಮಾತ್ರ. ಅದನ್ನು ನೋಡಿದ ಹುಡುಗಿ ಹೌಹಾರಿದಳು. ಇಷ್ಟು ದೊಡ್ಡವರು ತನಗೆ ತಲೆಬಾಗುತ್ತಿದ್ದಾರೆ! ತಾನು ನೆಟ್ಟಗೆ ಕೂರುವುದುಂಟೇ? ಅವಳೂ ಬಗ್ಗಿದಳು. ಒತ್ತಲು ಹೋದ ಕಾಲು ಬ್ರೇಕಿನಿಂದ ಜಾರಿತು.

"ಏಳು ಮಗೂ! ನಿಲ್ಲಿಸು! ನಾನು ನಮಸ್ಕಾರ ಮಾಡ್ತಿಲ್ಲ, ಸಿಕ್ಕಿಹಾಕ್ಕೊಂಡಿದೀನಿ!"

ಹುಡುಗಿ ಎದ್ದು ಬ್ರೇಕ್ ಒತ್ತಿದಳು. ವ್ಯಾನು ಅಜ್ಜಿಯ ಕುರ್ಚಿಗೆ ಮಾರು ದೂರದಲ್ಲಿ, ಮೂರು ದಿಂಬಿನಹೊದಿಕೆಗಳನ್ನು ಬಾಲಕ್ಕೆ ಕಟ್ಟಿಕೊಂಡು ನಿಂತಿತು. "ಅಪ್ಪ ಈಗ ಬರ್ತಾರೆ, ಸರ್," ಎಂದಳು. ಕಣ್ಣಲ್ಲಿ ನೀರಿತ್ತು.

ಕತ್ತರಿ ಅಲ್ಲೇ ಕಪಾಟಿನಲ್ಲಿತ್ತು. ಟೈ ಬಿಚ್ಚಿ, ಅಂಗಿ ಕಳಚಿ ಎದ್ದುಹೋಗಬಹುದಿತ್ತು. ಆದರೆ ತಾವು ಎದ್ದರೆ ಆ ಮಗು ಒಂಟಿಯಾಗುತ್ತದೆ. ಮೇಷ್ಟ್ರು ಆ ದ್ರೋಹಿ ಬಲಗಾಲನ್ನು ಪೆಡಲಿನಿಂದ ಎತ್ತಿ, ತೊಡೆಯಡಿ ಮಡಚಿ ಅದರ ಮೇಲೆಯೇ ಕುಳಿತುಬಿಟ್ಟರು. ಇನ್ನು ಬ್ರೇಕು ಅವಳದೇ. ಆಮೇಲೆ, ಇಷ್ಟು ವರ್ಷಗಳ ಕಸುಬಿನಲ್ಲಿ ಎಂದೂ ಮಾಡದ ಕೆಲಸ ಮಾಡಿದರು. ಕೇಳಿದರು.

"ನಿನ್ನ ಸ್ಟೀರಿಂಗ್ ಯಾವ ಕಡೆ ಇದೆ ಮಗೂ?"

"ಎಡಕ್ಕೆ, ಸರ್."

"ಮೊದಲೇ ಹೇಳಬಾರದಿತ್ತಾ?"

"ನೀವು ಉಸಿರೆತ್ತೋಕೂ ಬಿಡಲಿಲ್ಲ, ಸರ್."

"ಹೋಗಲಿ. ಎಡ ಬಲ ಎರಡೂ ಬೇಡ. ಅಜ್ಜಿ ಕಡೆ, ಕೋಳಿ ಕಡೆ. ಒಪ್ಪಿಗೆನಾ? ಈಗ ಮೆತ್ತಗೆ ಮುಂದಕ್ಕೆ ತಗೋ... ಆಯ್ತು. ಹಿಂದಕ್ಕೆ, ಸ್ವಲ್ಪ ಕೋಳಿ ಕಡೆ... ಇನ್ನೂ ಕೋಳಿ... ಸಾಕು, ಈಗ ಅಜ್ಜಿ ಕಡೆ..."

"ಸರ್, ಅಜ್ಜಿ ಎದ್ದು ಕೋಳಿ ಹತ್ರ ಹೋದ್ರು!"

"ಅಯ್ಯೋ! ಕುರ್ಚಿ ಕಡೆ! ಖಾಲಿ ಕುರ್ಚಿ ಕಡೆ!"

ಬಾಗಿಲು ತೆರೆಯಿತು. ದಾರದ ಚೀಲ ಹಿಡಿದು ಹೆಂಡತಿ ಕಲ್ಲಾಗಿ ನಿಂತರು.

"ರೀ! ಏನ್ರೀ ಇದು?"

"ಶ್! ಬಂತು, ಇನ್ನೊಂದು ಗೇಣು!"

"ಗೇಣು ಯಾವುದ್ರೀ? ನನ್ನ ಪರದೆ..."

"ಆಮೇಲೆ ಬೈಯ್ಯೇ, ಕೈ ಮುಗೀತೀನಿ! ಅಂದ್ರೆ, ಒಂದು ಕೈ!"

ಹೆಂಡತಿ ಬಗ್ಗಿ ಲ್ಯಾಪ್‌ಟಾಪ್ ನೋಡಿದರು. ಬೆವೆತ ಹುಡುಗಿ, ತೆವಳುತ್ತಿರುವ ವ್ಯಾನು. ಬೈಗುಳ ಮರೆತೇಹೋಯಿತು. ಅವರೂ ಉಸಿರು ಬಿಗಿಹಿಡಿದರು. ವ್ಯಾನು ಶೆಡ್ಡಿನೊಳಗೆ ಸರಿದು, ಗೋಡೆಗೆ ತಾಗದೆ ನಿಂತಿತು. ಅಜ್ಜಿ ಉದುರಿದ ದಿಂಬಿನಹೊದಿಕೆಗಳನ್ನು ಹೆಗಲಿಗೆ ಹಾಕಿಕೊಂಡು ಚಪ್ಪಾಳೆ ತಟ್ಟಿದರು.

ಆಗ ಪ್ರೊಫೆಸರರ ಕ್ಯಾಮೆರಾ ಆನ್ ಆಯಿತು. ಬಹಳ ಹೊತ್ತಿನಿಂದ ನಕ್ಕು ಅವರ ಕಣ್ಣು ಕೆಂಪಾಗಿತ್ತು. "ನಿಮ್ಮ ಪಾಲುದಾರರ ಬಗ್ಗೆ ಏನು ಹೇಳ್ತೀರಿ?" ಎಂದು ಹುಡುಗಿಯನ್ನು ಕೇಳಿದರು.

ಹುಡುಗಿ ಧೈರ್ಯ ತಂದುಕೊಂಡಳು. "ಸರ್ ಕಲಿಸಿದ್ದು ತಪ್ಪು. ತುಂಬಾ ತಪ್ಪು." ಅವಳ ಬಾಯಲ್ಲಿ ಆ ಪದ ಮೊದಲ ಸಲ ಬಂದಿತ್ತು. "ಆದ್ರೆ ತಾವೇ ಬಟ್ಟೆಗೆ ಹೊಲಿದುಹೋದ್ರೂ, ನಾನು ಒಳಗೆ ಬರೋವರೆಗೂ ನನ್ನ ಬಿಟ್ಟುಹೋಗಲಿಲ್ಲ."

"ಇಬ್ಬರೂ ಪಾಸ್!" ಎಂದರು ಪ್ರೊಫೆಸರ್.

ಮೇಷ್ಟ್ರ ಎದೆ ಉಬ್ಬಿತು. ಆದರೆ ಟೈ ಬಿಗಿದಿದ್ದರಿಂದ ತಲೆ ಎತ್ತಲಾಗಲಿಲ್ಲ.

ಹೆಂಡತಿ ಅಂಚನ್ನು ಬೆರಳಿಂದ ಸವರಿ ನೋಡಿದರು. "ಬಟ್ಟೆಗೇನೂ ಆಗಿಲ್ಲ. ಹೊಲಿಗೆ ಬಿಚ್ಚಿದ್ರೆ ಸರಿಹೋಗುತ್ತೆ. ಟೈ ಮಾತ್ರ ಹೋಯ್ತು," ಎನ್ನುತ್ತಾ ಕತ್ತರಿ ಕೈಗೆತ್ತಿಕೊಂಡರು. ಅಷ್ಟರಲ್ಲಿ ಹಲ್ಲಿನ ಡಾಕ್ಟ್ರಮ್ಮ ಒಳಗೆ ಕಾಲಿಟ್ಟರು. ಪರದೆಯನ್ನು ನೋಡಿದರು. ಅದರ ಅಂಚಿನ ಗುಂಟ ಕಣ್ಣು ಸಾಗಿಸಿ ತೋಳು, ಟೈ, ಕೊನೆಗೆ ಮೇಷ್ಟ್ರನ್ನು ನೋಡಿದರು.

"ಇದೇನಮ್ಮಾ, ಪರದೆ ಜೊತೆ ಇವರೂ ಬರ್ತಾರಾ?"

ಹೆಂಡತಿ ಕತ್ತರಿಯನ್ನು ಮೇಜಿನ ಮೇಲಿಟ್ಟರು.

"ಬೇಕಾದ್ರೆ ಹಾಗೇ ತಗೊಂಡು ಹೋಗಿ ಡಾಕ್ಟ್ರೇ. ಆದ್ರೆ ಈಗಲೇ ಹೇಳ್ಬಿಡ್ತೀನಿ, ಒಂದ್ಸಲ ಕೊಟ್ಟ ಮಾಲನ್ನ ನಾನು ವಾಪಸ್ ತಗೊಳಲ್ಲ!"