ಅತ್ತೆಯ ಕಣ್ಣು, ಅಳಿಯನ ಫೈಲು

ದಟ್ಟಗಳ್ಳಿಯ ವಸಿಷ್ಠ ಭೌತಶಾಸ್ತ್ರದ ಮೇಷ್ಟ್ರು. ಬೆಳಕು ಎಂದರೇನು, ಮಸೂರ ಎಂದರೇನು ಎಂದು ಕಾಲೇಜಿನ ಮಕ್ಕಳಿಗೆ ಗಂಟಲು ಹರಿದುಕೊಂಡು ಪಾಠ ಹೇಳುವವನು. ಅಂಥ ಮಹಾನುಭಾವ ಒಂದು ಬ್ಲೂ-ರೇ ಡಿಸ್ಕನ್ನು ಪೆನ್‌ಡ್ರೈವಿಗೆ ಇಳಿಸಲು ಇನ್ನೊಬ್ಬರ ಮುಂದೆ ಕೈಕಟ್ಟಿ ನಿಲ್ಲುವುದುಂಟೆ! ನಜರ್‌ಬಾದಿನ ಸ್ಟುಡಿಯೋದವರಿಗೆ ಕೊಟ್ಟುಬಿಡೋಣ ಎಂದು ಹೆಂಡತಿ ಮಾಲವಿಕಾ ಹೇಳಿದಾಗ ಅವನಿಗೆ ಅವಮಾನವೇ ಆಯಿತು.

"ಬೆಳಕಿನ ವಿಷಯ ಕಣೇ ಇದು. ನನಗೆ ಬಿಡು" ಎಂದ.

"ಬಿಟ್ಟಿದ್ದೀನಿ. ಭಾನುವಾರ ಅಮ್ಮ ಬರ್ತಾರೆ, ಅದು ನೆನಪಿರಲಿ" ಎಂದಳು ಮಾಲವಿಕಾ.

ಡಿಸ್ಕು ಅವರ ಮದುವೆಯದ್ದು. ಮುಂದಿನ ಕಾಲವೆಲ್ಲ ಬ್ಲೂ-ರೇ ಕಾಲ ಎಂದು ಆವತ್ತು ಹಟ ಹಿಡಿದು ಮಾಡಿಸಿದವನೂ ವಸಿಷ್ಠನೇ. ಆ ಕಾಲ ಬರಲಿಲ್ಲ, ಡಿಸ್ಕು ಹಾಕುವ ಪ್ಲೇಯರು ಮಾತ್ರ ಕೆಟ್ಟು ಅಟ್ಟ ಸೇರಿತು. ಈಗ ಮಾಲವಿಕಾಳ ತಾಯಿ ಪ್ರೇಮಮ್ಮನಿಗೆ ಬಲಗಣ್ಣಿನ ಪೊರೆ ತೆಗೆಸಿದ್ದರು. ಮಗಳ ಮದುವೆಯ ಹೊತ್ತಿಗೇ ಅವರಿಗೆ ಎರಡೂ ಕಣ್ಣು ಮಂಜಾಗಿತ್ತಂತೆ. ಮದುವೆ ಮನೆಯಲ್ಲಿ ಕಣ್ಣಿನ ರಗಳೆ ಯಾಕೆಂದು ಯಾರಿಗೂ ಹೇಳಿರಲಿಲ್ಲ. ಆಪರೇಷನ್ನಿಗೆ ಹೆದರಿ ವರ್ಷಗಟ್ಟಲೆ ಮುಂದೂಡಿ, ಮಗಳ ಧಾರೆಯನ್ನು ಟಿವಿಯಲ್ಲಾದರೂ ಕಣ್ತುಂಬ ನೋಡಬೇಕು ಎಂಬ ಒಂದೇ ಆಸೆಗೆ ಒಪ್ಪಿದ್ದರು. ಎಡಗಣ್ಣಿನದು ಇನ್ನು ಕೆಲವೇ ದಿನಗಳಲ್ಲಿ ಆಗಬೇಕಿತ್ತು.

ವಸಿಷ್ಠ ಸಹೋದ್ಯೋಗಿ ಯೋಗೇಂದ್ರನಿಂದ ಡಿಸ್ಕು ಓದುವ ಡ್ರೈವು ಎರವಲು ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಗುಣಮಟ್ಟ ಎಷ್ಟಿರಲಿ ಎಂದು ತಂತ್ರಾಂಶ ಕೇಳಿತು. ಅತ್ಯುತ್ತಮ ಎಂದ. ವೇಗ? ನಿಧಾನವಾದಷ್ಟೂ ಚಿತ್ರ ಚೆನ್ನ ಎಂದು ಅಲ್ಲೇ ಬರೆದಿತ್ತು, ಅತಿ ನಿಧಾನ ಎಂದ. ಕಂಡ ಕಂಡ ಗುಂಡಿಯನ್ನೆಲ್ಲ ತುತ್ತತುದಿಗೆ ಎಳೆದು ಮೀಸೆಯ ಮೇಲೆ ಕೈಯಾಡಿಸಿದ. ಲ್ಯಾಪ್‌ಟಾಪು ಹಿಟ್ಟಿನ ಗಿರಣಿಯಂತೆ ಬೊಬ್ಬೆ ಹೊಡೆಯತೊಡಗಿತು. ಇನ್ನೆಷ್ಟು ಹೊತ್ತು ಎಂದು ತೋರಿಸುವ ಅಂಕಿ ಇಳಿಯುವ ಬದಲು ಏರುತ್ತಾ ಹೋಯಿತು. ಅವನು ಕಾಲೇಜಿಗೆ ಹೋಗಿ ಬಂದ, ಮತ್ತೆ ಹೋಗಿ ಬಂದ, ಅದಿನ್ನೂ ವರಪೂಜೆಯಲ್ಲೇ ಇತ್ತು. ಅದರ ಬಿಸಿಗೆ ಸಂಡಿಗೆ ಒಣಗಿಸಬಹುದು ಎಂದು ಮಾಲವಿಕಾ ಲೆಕ್ಕ ಹಾಕಿದಳು. ಅಂತೂ ಇಂತೂ ಮುಗಿದಾಗ ಫೈಲು ಮೂಲ ಡಿಸ್ಕಿಗಿಂತ ದೊಡ್ಡದಾಗಿತ್ತು! ಪೆನ್‌ಡ್ರೈವು ಅದನ್ನು ಮೂಸಿ ಕೂಡ ನೋಡಲಿಲ್ಲ.

"ಇಳಿಸ್ತೀನಿ ಅಂದವರು ಏರಿಸಿ ಕೂತಿದ್ದೀರಲ್ಲ" ಎಂದಳು ಮಾಲವಿಕಾ.

ಸೋಲೊಪ್ಪುವ ಜಾಯಮಾನ ಮೇಷ್ಟ್ರದ್ದಲ್ಲ. ಕಾರಣ ಹುಡುಕಲು ಕುಳಿತ. ಲ್ಯಾಪ್‌ಟಾಪು ಏದುಸಿರು ಬಿಡುತ್ತಿದ್ದುದು ಎರಡೇ ಕಡೆ: ಹೋಮದ ಹೊಗೆ ಏಳುವಾಗ, ಧಾರೆಯ ಅಕ್ಷತೆ ಬೀಳುವಾಗ. ಹಾರುವ ಒಂದೊಂದು ಅಕ್ಕಿ ಕಾಳನ್ನೂ ಅದು ಬೇರೆಬೇರೆಯಾಗಿ ನೆನಪಿಡಬೇಕು. ಕಾಳು ಹೆಚ್ಚಿದಷ್ಟೂ ವೇಗ ಕಡಿಮೆ, ಫೈಲು ದೊಡ್ಡದು. ಈ ಸತ್ಯ ಹೊಳೆದದ್ದೇ ತಡ, ಅಡುಗೆಮನೆಗೆ ಹೋಗಿ ಘೋಷಿಸಿದ. ಇಷ್ಟಕ್ಕೆಲ್ಲ ಕಾರಣ ಅವಳ ಕಡೆಯ ನೆಂಟರು, ಅವರು ಅಕ್ಷತೆ ಹಾಕಿಲ್ಲ, ಬೊಗಸೆ ಬೊಗಸೆ ಎರಚಿದ್ದಾರೆ ಎಂದ. ಆಶೀರ್ವಾದ ಹೆಚ್ಚಾಯಿತು ಎಂದು ದೂರುವ ಅಳಿಯನನ್ನು ಇದೇ ಮೊದಲು ನೋಡಿದ್ದು ಎಂದಳು ಅವಳು.

ತಂತ್ರಾಂಶದ ಒಂದು ಮೂಲೆಯಲ್ಲಿ ಚಿತ್ರದ ಮೇಲಿನ ಚುಕ್ಕೆ, ಧೂಳು ತೆಗೆದು ನುಣುಪು ಮಾಡುವ ಸೌಲಭ್ಯವಿತ್ತು. ಅದನ್ನೂ ತುದಿಗೆ ಎಳೆದ. ವೇಗವನ್ನು ಅತಿ ಶೀಘ್ರಕ್ಕೂ ಗಾತ್ರವನ್ನು ಅತಿ ಸಣ್ಣದಕ್ಕೂ ಇಳಿಸಿದ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಫೈಲು ಸಿದ್ಧ, ಅಂಗೈಯಗಲದ ಕರವಸ್ತ್ರದಷ್ಟು ಪುಟ್ಟದು! ತೆರೆದು ನೋಡಿದ. ಮೊದಲಿಗೆ ಬರುವ ಗಣಪತಿಯ ಚಿತ್ರ, ಅದರ ಕೆಳಗೆ ವಧೂವರರ ಹೆಸರು ಫಳಫಳ ಹೊಳೆದವು. ಇನ್ನೇನು ನೋಡುವುದಿದೆ ಎಂದು ಮುಚ್ಚಿಟ್ಟ.

ಭಾನುವಾರ ಪ್ರೇಮಮ್ಮ ರೇಷ್ಮೆ ಸೀರೆಯುಟ್ಟು, ನಿಜವಾದ ಮದುವೆಗೇ ಬಂದವರಂತೆ ಸೋಫಾದ ಮುಂದಿನ ಅಂಚಿನಲ್ಲಿ ಕುಳಿತರು. ಮಾಲವಿಕಾ ಒಳಗೆ ಬೋಂಡ ಕರಿಯುತ್ತಿದ್ದಳು. ಗಣಪತಿ ಬಂದ, ಪ್ರೇಮಮ್ಮ ಕೈಮುಗಿದರು. ಆಮೇಲೆ ಬಂದವರಿಗೆ ಮಾತ್ರ ಮುಖವೇ ಇರಲಿಲ್ಲ. ಮೂಗು ಕರಗಿ ಗಲ್ಲಕ್ಕೆ ಇಳಿದಿತ್ತು. ಪುರೋಹಿತರು ಬೆಣ್ಣೆಯಲ್ಲಿ ಮಾಡಿದ ಗೊಂಬೆಯಂತಿದ್ದರು. ಧಾರೆಯ ಹೊತ್ತಿಗೆ ನೆಂಟರಿಷ್ಟರೆಲ್ಲ ಕೈಯೆತ್ತಿ ಎಸೆದರು, ಏನೂ ಬೀಳಲಿಲ್ಲ. ಬರಿಗೈ ಬೀಸಿ ನೊಣ ಓಡಿಸಿದಂತಿತ್ತು.

ವಸಿಷ್ಠ ರಿಮೋಟಿಗೆ ತಡಕಾಡಿದ. ಪ್ರೇಮಮ್ಮ ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು.

"ಅಕ್ಷತೆ ಹಾಕ್ತಿದ್ದಾರಾ?" ಎಂದು ಮೆಲ್ಲಗೆ ಕೇಳಿದರು.

"ಹಾಕ್ತಿದ್ದಾರಲ್ಲ ಅತ್ತೆ."

"ನಿಮಗೆ ಕಾಣ್ತಿದೆಯಾ?"

ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಜಾಲರಿ ಸೌಟು ಹಿಡಿದ ಮಾಲವಿಕಾ ಬಾಗಿಲಿಗೆ ಬಂದಳು. ಸತ್ಯ ಹೆದರಿ ಒಳಗೋಡಿತು. "ನನಗೇನೋ ಸ್ಪಷ್ಟವಾಗೇ ಕಾಣ್ತಿದೆ" ಎಂದ ಮೇಷ್ಟ್ರು, ಅತ್ತೆಯ ಕಣ್ಣಿಗೆ ಆಯಾಸವಾದೀತೆಂದು ಹೇಳಿ ಹೆಂಡತಿ ನೋಡುವ ಮುಂಚೆ ಟಿವಿ ಆರಿಸಿದ.

ಪ್ರೇಮಮ್ಮ ಬೋಂಡ ಮುಟ್ಟಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಆಪರೇಷನ್ನು ಕೆಟ್ಟಿದೆ ಎಂದು ತೀರ್ಮಾನಿಸಿದರು. ಮಾಲವಿಕಾ ರಾತ್ರಿಯಿಡೀ ತಾಯಿಯ ಪಕ್ಕ ಮಲಗಿದಳು. ಆಗಲೂ ಹೇಳಬಹುದಿತ್ತು. ಹೇಳಲಿಲ್ಲ ಪುಣ್ಯಾತ್ಮ.

ಬೆಳಿಗ್ಗೆ ಮೂವರೂ ಕಣ್ಣಿನ ಡಾಕ್ಟರ ಮುಂದಿದ್ದರು. ಡಾಕ್ಟರಮ್ಮ ಗೋಡೆಯ ಮೇಲಿನ ಅಕ್ಷರ ಓದಿಸಿದರು. ಪ್ರೇಮಮ್ಮ ಕೊನೆಯ ಸಾಲಿನವರೆಗೂ ಪಟಪಟನೆ ಓದಿದರು. ಕಣ್ಣು ಚಿನ್ನದಂತಿದೆ ಎಂದರು ಡಾಕ್ಟರಮ್ಮ.

"ಅಕ್ಷರ ಕಾಣುತ್ತೆ, ಟಿವೀಲಿ ಮಗಳ ಮುಖ ಕಾಣಲ್ಲ. ಅಳಿಯಂದಿರಿಗೆ ಕಂಡಿದ್ದು ನಂಗೆ ಕಾಣಲಿಲ್ಲ" ಎಂದರು ಪ್ರೇಮಮ್ಮ. "ಇನ್ನೊಂದು ಕಣ್ಣು ಇದ್ದ ಹಾಗೇ ಇರಲಿ ತಾಯಿ. ಅದನ್ನ ಮುಟ್ಟಬೇಡಿ."

ಮಾಲವಿಕಾಳ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿದ ಮೇಲೆ ವಸಿಷ್ಠನಿಗೆ ತಡೆಯಲಾಗಲಿಲ್ಲ. ನಾಚಿಕೆಯಿಂದ ನೆಲ ನೋಡುತ್ತಾ ಎದ್ದು ನಿಂತ.

"ಅತ್ತೆ, ಕೆಟ್ಟಿರೋದು ನಿಮ್ಮ ಕಣ್ಣಲ್ಲ. ನನ್ನ ಫೈಲು. ಅಕ್ಷತೇನೆಲ್ಲ ನಾನೇ ಒರೆಸಿಹಾಕ್ದೆ. ನನಗೂ ಏನೂ ಕಾಣಲಿಲ್ಲ."

ಡಾಕ್ಟರಮ್ಮ ನಗು ತಡೆಯಲು ಔಷಧದ ಚೀಟಿಯಲ್ಲಿ ಮುಖ ಮುಚ್ಚಿಕೊಂಡರು. ಮಾಲವಿಕಾ ನೋಡಿದ ನೋಟಕ್ಕೆ ಭೌತಶಾಸ್ತ್ರದಲ್ಲಿ ಅಳತೆಯಿಲ್ಲ. ಡಿಸ್ಕು ಈಗಲೇ ನಜರ್‌ಬಾದಿನ ಸ್ಟುಡಿಯೋಗೆ ಹೋಗಬೇಕು ಎಂದಷ್ಟೇ ಹೇಳಿದಳು. ಪ್ರೇಮಮ್ಮ ಮಾತ್ರ ನಿಟ್ಟುಸಿರು ಬಿಟ್ಟು, ಎಡಗಣ್ಣಿನ ದಿನ ಗೊತ್ತು ಮಾಡಿಸಿಕೊಂಡು, ಹಗುರಾಗಿ ಎದ್ದರು.

"ಹೋಗಲಿ ಬಿಡಿ, ಬೇಜಾರು ಮಾಡ್ಕೋಬೇಡಿ" ಎಂದು ಅಳಿಯನ ಭುಜ ತಟ್ಟಿದರು. "ನೀವು ಹೆಣ್ಣು ನೋಡೋಕೆ ನಮ್ಮನೆಗೆ ಬಂದಾಗ್ಲೂ ನಂಗೆ ಎಲ್ಲಾ ಹಂಗೇ ಮಂಜುಮಂಜಾಗಿ ಕಾಣ್ತಿತ್ತು."

ಆಮೇಲೆ ಹೊಸ ಕಣ್ಣಿನಿಂದ ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನಿಧಾನವಾಗಿ ನೋಡಿದರು.

"ಹುಡುಗ ಲಕ್ಷಣವಾಗಿದ್ದಾನೆ ಅಂತ ಮೊದಲು ಒಪ್ಪಿದ್ದು ನಾನೇ."